ಹದಿನೇಳೋ ಹದಿನೆಂಟೋ

ಹಾಸನದ ಲೆಕ್ಕದ ಮೇಷ್ಟ್ರೊಬ್ಬರ ಹಳೆಯ ಮಾರುತಿ 800, ಗುಂಡಿಗೆ ಇಳಿದಾಗಲೆಲ್ಲ ಲೊಟಕ್ ಎನ್ನುತ್ತಿತ್ತು. ಸವೆದದ್ದು ಟೈ ರಾಡ್ ಎಂಡ್; ಸ್ಟಿಯರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯ ಕೀಲು. ಮಗನ ಡಿಪ್ಲೊಮಾ ಫೀಸು ಕಟ್ಟಿದ ತಿಂಗಳು ಬೇರೆ. "ನಾವೇ ಹಾಕೋಣ ಅಪ್ಪಾ" ಎಂದ ಮಗ.

ಹಳೆಯದು ಎಷ್ಟು ಸುತ್ತಿಗೆ ಕಳಚಿತೋ ಹೊಸದನ್ನೂ ಅಷ್ಟೇ ಸುತ್ತು ತಿರುಗಿಸಬೇಕು. ಎಣಿಸುವ ಹೊಣೆ ಮೇಷ್ಟ್ರದು. ಅಷ್ಟರಲ್ಲಿ ಒಳಗಿನಿಂದ "ಕಾಫಿ ಆರುತ್ತೆ ರೀ" ಎಂಬ ಕೂಗು. ಹದಿನೇಳೋ ಹದಿನೆಂಟೋ, ಲೆಕ್ಕ ತಪ್ಪಿತು. ಲೆಕ್ಕದ ಮೇಷ್ಟ್ರಿಗೇ!

ಸದ್ದೇನೋ ನಿಂತಿತು. ಆದರೆ ಕಾರು ನೇರ ಹೋಗುವಾಗ ಸ್ಟಿಯರಿಂಗ್ ಓರೆ. ಮಗ ಮುಂದಿನ ಎರಡೂ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆದ. ಕಾರನ್ನು ತಳ್ಳಿ, ಅದೇ ಗುರುತು ಹಿಂಬದಿಗೆ ಬಂದಾಗ ಮತ್ತೆ ಅಳೆದ. ಮುಂದೆ 6 ಮಿಲಿಮೀಟರ್ ಹೆಚ್ಚು! ಹೀಗೇ ಓಡಿಸಿದರೆ ಟೈರುಗಳ ಒಳಅಂಚು ಬೇಗ ಬೋಳಾಗುತ್ತದೆ. ಬೋಲ್ಟು ಬಿಚ್ಚುವುದು ಮನೆಯಲ್ಲಾದೀತು. ಮಿಲಿಮೀಟರಿನ ಕೆಲಸ ಅಂಗಳದಲ್ಲಿ ಕಷ್ಟವೇ.

ಅಲೈನ್‌ಮೆಂಟ್ ಅಂಗಡಿಯವನು ಬ್ಯಾಲೆನ್ಸಿಂಗ್, ನೈಟ್ರೋಜನ್ ಎಂದು ಪಟ್ಟಿ ಬೆಳೆಸಿದ. "ಟೋ ಒಂದೇ ಸಾಕು ಅಣ್ಣಾ" ಎಂದ ಮಗ. ಅವನು ಗಾಳಿ ನೋಡಿ, ಚಕ್ರ ಅಲ್ಲಾಡಿಸಿ, ಸ್ಟಿಯರಿಂಗನ್ನು ನೇರಕ್ಕೆ ನಿಲ್ಲಿಸಿದ. ಎರಡೂ ಕಡೆಯ ಲಾಕ್ ನಟ್ಟಿಗೆ ಮಗ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದ. ತುಕ್ಕಿನ ನೆಪದಲ್ಲಿ ಹೆಚ್ಚು ಕೂಲಿ ಕೇಳಲಿಲ್ಲ. 300 ರೂಪಾಯಿಗೆ ಮುಗಿಯಿತು.

"ಯಾರು ಸಾರ್ ಹಾಕಿದ್ದು? ಸುತ್ತು ಎಣಿಸಲಿಲ್ವಾ?"

ಮೇಷ್ಟ್ರು ಮಗನ ಮುಖ ನೋಡಿದರು. ಮಗ ಟೈರಿನ ಗಾಳಿ ನೋಡುತ್ತಿದ್ದ.