ಕಡಮತ್ತಿನ ಕಡಲಂಚಿನಲ್ಲಿ

ಕಡಲ ತಡಿಯಲ್ಲಿ ಹುಟ್ಟಿ ಬೆಳೆದವನು ಹಣ ತೆತ್ತು ಮತ್ತೊಂದು ಕಡಲ ತಡಿಯಲ್ಲಿ ವಾಸಮಾಡಲು ಹೋಗುವನೆಂದರೆ ಕೇಳಿದವರಿಗೆ ನಗೆ ಬರುವುದು ಸಹಜ. ಮಂಗಳೂರಿನ ನನ್ನ ಮಿತ್ರರೊಬ್ಬರು, "ಮನೆಯ ಬಾವಿ ತುಂಬಿರುವಾಗ ನೆರೆಮನೆಗೆ ಕೊಡ ಹೊತ್ತಂತಾಯಿತಲ್ಲ!" ಎಂದು ಪರಿಹಾಸ್ಯ ಮಾಡಿದರು. ಅವರಿಗೆ ನಾನು ಕೊಟ್ಟ ಉತ್ತರವಿಷ್ಟೆ: ನಾನು ಹೋಗುವುದು ಪರಸ್ಥಳಕ್ಕಲ್ಲ, ಒಂದು ಕಾಲಕ್ಕೆ ನಮ್ಮ ಜಿಲ್ಲೆಯದೇ ಆಗಿದ್ದ ನೆಲಕ್ಕೆ.

ಇಂದಿನ ತರುಣರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಲಕ್ಷದ್ವೀಪಗಳ ಉತ್ತರಭಾಗದಲ್ಲಿರುವ ಅಮಿನಿ, ಕಡಮತ್ತು, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನಿದೀವಿಗಳೆಂದು ಹೆಸರು. ಕಣ್ಣಾನೂರಿನ ಅರಸುಮನೆತನದ ಆಳ್ವಿಕೆಯಿಂದ ಬೇಸತ್ತ ಅಲ್ಲಿಯ ಜನರು ಟಿಪ್ಪುಸುಲ್ತಾನನ ಮೊರೆಹೊಕ್ಕುದರಿಂದ 1787ರಲ್ಲಿ ಆ ದ್ವೀಪಗಳು ಅವನ ವಶವಾದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅವು ಕುಂಪಣಿ ಸರಕಾರಕ್ಕೆ ಸಂದು, ಮಂಗಳೂರಿನ ಕಲೆಕ್ಟರರ ಅಧಿಕಾರಕ್ಕೆ ಒಳಪಟ್ಟುವು. 1956ರ ನವೆಂಬರ್ 1ನೆಯ ತಾರೀಖಿನಂದು ಎಲ್ಲ ದ್ವೀಪಗಳೂ ಕೂಡಿ ಕೇಂದ್ರ ಸರಕಾರದ ಆಡಳಿತಕ್ಕೆ ಸೇರುವ ತನಕ ಕಡಮತ್ತಿನ ತೆಂಗಿನ ತೋಟವೂ ಮಂಗಳೂರಿನ ಬಂದರವೂ ಒಂದೇ ಜಿಲ್ಲೆಯ ಎರಡು ತುದಿಗಳಾಗಿದ್ದುವು. ನಡುವೆ ಸುಮಾರು 300 ಕಿಲೋಮೀಟರ್ ಉಪ್ಪುನೀರು ಇದ್ದಿತು, ಅಷ್ಟೇ ವ್ಯತ್ಯಾಸ.

ನಮ್ಮ ಅಜ್ಜನವರು ಬಂದರದ ಅಕ್ಕಿಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. 'ದೀವಿನವರು' ಎಂಬ ಮಾತು ಅವರ ಬಾಯಲ್ಲಿ ಬಾರದ ದಿನವಿರಲಿಲ್ಲ. ದೀವಿನವರ ಓಡಗಳು ಕತ್ತವನ್ನೂ ಕೊಬ್ಬರಿಯನ್ನೂ ಹೇರಿಕೊಂಡು ಬರುವುವು. ಅಕ್ಕಿಯನ್ನು ಹೇರಿಕೊಂಡು ಹೋಗುವುವು. ಪತ್ತನಾಜೆ ಸಮೀಪಿಸಿತೆಂದರೆ ಮಂಡಿಯಲ್ಲಿ ಗಡಿಬಿಡಿ. ಮಳೆಗಾಲ ಹಿಡಿದರೆ ಕಡಲು ಮುಚ್ಚುವುದು, ಹೋಗದೆ ಉಳಿದ ಅಕ್ಕಿಯ ಮುಡಿ ಉಳಿದೇ ಹೋಯಿತು. ಹಾಯಿ ಬಿಚ್ಚಿ ಹೊರಟ ಓಡವು ಎಲ್ಲಿಗೆ ಸೇರುವುದೆಂಬುದನ್ನು ಅಜ್ಜನವರು ಕಣ್ಣಾರೆ ಕಂಡವರಲ್ಲ. ಅದನ್ನು ಕಾಣಬೇಕೆಂಬ ಬಯಕೆ ನನಗೆ ಬಾಲ್ಯದಿಂದಲೂ ಇದ್ದಿತು. ಈಚೆಗೆ ಒಂದು ಮಾಘಮಾಸದಲ್ಲಿ ಅದು ಕೈಗೂಡಿತು.

ಈಗ ಪ್ರವಾಸಿಗಳಿಗೆ ಕೊಚ್ಚಿಯೇ ಹೆಬ್ಬಾಗಿಲು. ಅಪ್ಪಣೆಯ ಚೀಟಿಯಿಲ್ಲದೆ ದ್ವೀಪದಲ್ಲಿ ಕಾಲಿಡುವಂತಿಲ್ಲ. ಅದನ್ನು ಪಡೆದು ಹಡಗನ್ನೇರಿದೆನು. ಮರುದಿನ ನಮ್ಮನ್ನು ಹಡಗಿನಿಂದ ಸಣ್ಣ ದೋಣಿಗೆ ಇಳಿಸಿದರು. ಅಲ್ಲಿಯವರೆಗೆ ನೀಲಿಯ ಮಸಿಯಂತಿದ್ದ ಕಡಲು ಒಂದು ಬಿಳಿಯ ನೊರೆಯ ಗೆರೆಯನ್ನು ದಾಟಿದೊಡನೆ ಎಳೆಬಾಳೆಯ ಎಲೆಯ ಬಣ್ಣಕ್ಕೆ ತಿರುಗಿತು. ತಳದ ಮರಳು ಎಣಿಸಬಹುದೆಂಬಂತೆ ಕಾಣಿಸಿತು.

ಕಡಮತ್ತು ದ್ವೀಪದ ಉದ್ದ ಸುಮಾರು 9 ಕಿಲೋಮೀಟರ್; ಅಗಲವೋ, ಹೆಚ್ಚೆಂದರೆ ಅರ್ಧ ಕಿಲೋಮೀಟರಿಗಿಂತ ತುಸು ಮಿಗಿಲು. ಕಡಲಿನ ಮೇಲೆ ಯಾರೋ ಮರೆತು ಹೋದ ಒಂದು ಓಲೆಗರಿಯಂತಿದೆ. ನೆಲವು ನೀರಿಗಿಂತ ಎತ್ತರವಾಗಿರುವುದು ಒಂದೆರಡು ಮೀಟರ್ ಮಾತ್ರ. ಇದರ ಮೇಲೆ, 2011ರ ಜನಗಣತಿಯಂತೆ, 5,400ರಷ್ಟು ಜನರು ವಾಸಮಾಡುತ್ತಿದ್ದರು. ನಾನಿಳಿದ ವಸತಿಗೃಹವು ಪಡುವಣ ತಡಿಯಲ್ಲಿ, ತೆಂಗಿನ ಮರಗಳ ಕೆಳಗೆ ಸಾಲಾಗಿ ಕಟ್ಟಿದ ಸಣ್ಣ ಮನೆಗಳ ಸಮೂಹ. ಜಗಲಿಯಿಂದ ಇಪ್ಪತ್ತು ಹೆಜ್ಜೆ ಇಟ್ಟರೆ ನೀರು. ಊಟಕ್ಕೆ ಅನ್ನ, ತೆಂಗಿನಕಾಯಿ ಅರೆದ ಮೀನಿನ ಸಾರು. ಬೆಳಗ್ಗೆ ಒಂದು ಲೋಟ ಮೀರ, ಎಂದರೆ ತೆಂಗಿನ ಹೊಂಬಾಳೆಯಿಂದ ಇಳಿಸಿದ, ಹುಳಿಯೇರದ ಸಿಹಿರಸ. ಹೊತ್ತು ಮುಳುಗುವಾಗ ಜಗಲಿಯ ಮೇಲೆ ಕುಳಿತರೆ, ಅಲೆಯ ಸದ್ದು ಕೂಡ ಕೇಳಿಸದು. ಮೊರೆತವೆಲ್ಲ ಒಂದೂವರೆ ಕಿಲೋಮೀಟರ್ ಆಚೆ, ಹವಳದ ದಿಬ್ಬದ ಬಳಿಯಲ್ಲಿ.

ಮೊದಲ ದಿನವೇ ಮೇಲ್ವಿಚಾರಕರು ಬಹಳ ವಿನಯದಿಂದ ಒಂದು ಮಾತು ಹೇಳಿದರು: "ಸಾರ್, ಕಡಲನ್ನು ಎಷ್ಟು ಬೇಕಾದರೂ ಬಳಸಿರಿ, ನೀರನ್ನು ಮಾತ್ರ ನೋಡಿ ಬಳಸಬೇಕು." ಈ ಮಾತಿನ ಅರ್ಥವು ನನಗೆ ದಿನಕಳೆದಂತೆ ಹೆಚ್ಚು ಸ್ಪಷ್ಟವಾಯಿತು. ಆ ದ್ವೀಪದಲ್ಲಿ ಹೊಳೆಯಿಲ್ಲ, ತೋಡಿಲ್ಲ. ಮಳೆಯೂ ನಮ್ಮ ಕರಾವಳಿಯ ಅರ್ಧಕ್ಕಿಂತ ಕಡಮೆ. ಬಿದ್ದ ಮಳೆಯು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ, ಸಾರಿನ ಮೇಲೆ ತುಪ್ಪ ತೇಲುವಂತೆ, ತೆಳ್ಳಗೆ ತೇಲುತ್ತಿರುತ್ತದೆ. ಬಾವಿಯಿಂದ ನಿಧಾನವಾಗಿ ಮೊಗೆದರೆ ಸಿಹಿನೀರು. ಆತುರದಿಂದ ಯಂತ್ರ ಹಚ್ಚಿ ಸೆಳೆದರೆ ಕೆಳಗಿನ ಉಪ್ಪು ಮೇಲೇರಿ ಬರುವುದು. ಒಮ್ಮೆ ಕೆಟ್ಟ ಬಾವಿ ಮತ್ತೆ ಸಿಹಿಯಾಗಬೇಕಾದರೆ ಮಳೆಗಾಲಗಳೇ ಕಳೆಯಬೇಕು. 2024ರ ಜನವರಿಯಲ್ಲಿ ಇಲ್ಲಿ ಒಂದು ನೀರಿನ ಸ್ಥಾವರವು ಉದ್ಘಾಟನೆಗೊಂಡಿತು. ಮೇಲಣ ಬೆಚ್ಚನೆಯ ಕಡಲನೀರನ್ನು ಕಡಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣೀರಿನ ನೆರವಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವುದು ಅದರ ಕ್ರಮ, ದಿನಕ್ಕೆ 1.5 ಲಕ್ಷ ಲೀಟರ್ ಕುಡಿಯುವ ನೀರನ್ನು ಕೊಡಬಲ್ಲುದಂತೆ. ತಲೆಗೆ ಹಂಚಿದರೆ ಮೂವತ್ತು ಲೀಟರಿಗಿಂತ ಕಡಮೆ! ನಗರದ ಹೋಟೆಲಿನಲ್ಲಿ ಒಬ್ಬ ಅತಿಥಿಯು ಒಂದು ಸ್ನಾನಕ್ಕೇ ಅದನ್ನು ಮುಗಿಸಿಯಾನು.

ನೀರಿನಂತೆಯೇ ನೆಲವೂ ಅಲ್ಲಿ ಲೆಕ್ಕದ ಪದಾರ್ಥ. ಮುಳುಗಿಹೋದ ಪ್ರಾಚೀನ ಅಗ್ನಿಪರ್ವತಗಳ ಸುತ್ತ ಹವಳದ ಹುಳುಗಳು ಮೇಲಕ್ಕೆ ಮೇಲಕ್ಕೆ ಕಟ್ಟುತ್ತ ಬಂದ ಗೋಡೆಗಳೇ ಇಂಥ ದ್ವೀಪಗಳಿಗೆ ತಳಹದಿಯೆಂದು 1842ರಷ್ಟು ಹಿಂದೆಯೇ ಡಾರ್ವಿನ್ ಪಂಡಿತನು ವಿವರಿಸಿದ್ದಾನೆ. ನಾನು ನಿರ್ಭಯನಾಗಿ ನಿದ್ರಿಸಿದ ಮನೆಯ ನಿಜವಾದ ಗೋಡೆ ಇಟ್ಟಿಗೆಯದಲ್ಲ. ದೂರದಲ್ಲಿ ತೆರೆಗಳನ್ನು ಎದೆಯೊಡ್ಡಿ ತಡೆಯುವ ಆ ಹವಳದ ದಿಬ್ಬ. ಅದು ಜೀವವುಳ್ಳ ಗೋಡೆ; ಆದುದರಿಂದ ಸಾಯಲೂ ಬಲ್ಲುದು. ಕಡಲನೀರು ಅಳತೆಮೀರಿ ಕಾದ 1998, 2010, 2016, 2024ನೆಯ ವರ್ಷಗಳಲ್ಲಿ ಲಕ್ಷದ್ವೀಪದ ಹವಳಗಳು ಬಣ್ಣಗೆಟ್ಟು ಬಿಳಿಚಿಕೊಂಡುವು. ಒಂದು ದಿನ ಗಾಜಿನ ತಳದ ದೋಣಿಯಲ್ಲಿ ಹೋಗಿ ನೋಡಿದೆನು. ಕೆಲವೆಡೆ ಮೀನುಗಳ ಜಾತ್ರೆ. ಕೆಲವೆಡೆ ಸುಣ್ಣದ ಕಡ್ಡಿಗಳ ರಾಶಿ. ದೋಣಿಯ ಹುಡುಗನು ಆ ರಾಶಿಯ ಮೇಲೆ ಹಾದುಹೋಗುವಾಗ ಮಾತಾಡದೆ ಹುಟ್ಟು ಹಾಕಿದನು.

ಮೇಲ್ವಿಚಾರಕರ ತಂದೆಯವರು ಎಂಬತ್ತು ದಾಟಿದ ವೃದ್ಧರು. ಸಂಜೆ ಮಸೀದಿಯಿಂದ ಮರಳುವಾಗ ನಮ್ಮ ಜಗಲಿಯ ಬಳಿ ಒಂದು ಗಳಿಗೆ ನಿಲ್ಲುವರು. ಅವರ ಮಾತು ಜಸರಿ, ಮಲೆಯಾಳದ ಒಂದು ಭೇದ. ಮಂಗಳೂರಿನ ಬ್ಯಾರಿಗಳ ನಡುವೆ ಬೆಳೆದವನಿಗೆ ಅರೆಪಾಲಾದರೂ ತಿಳಿಯುವುದು. ನಾನು ಮಂಗಳೂರಿನವನೆಂದು ಕೇಳಿದೊಡನೆ ಅವರು ಮರಳಿನ ಮೇಲೆಯೇ ಕುಳಿತುಬಿಟ್ಟರು. ಬಾಲಕನಾಗಿದ್ದಾಗ ತಂದೆಯೊಡನೆ ಓಡದಲ್ಲಿ ಮಂಗಳೂರಿಗೆ ಬಂದಿದ್ದರಂತೆ. ಹಲಗೆಗಳನ್ನು ಮೊಳೆಯಿಂದ ಹೊಡೆಯದೆ ಕತ್ತದ ಹುರಿಯಿಂದ ಹೊಲಿದ ಓಡವದು. "ಅಳಿವೆಯ ಬಾಯಲ್ಲಿ ನೀರು ಕೆಂಪಗೆ ಕಂಡರೆ ಊರು ಬಂತೆಂದು ತಿಳಿಯುತ್ತಿದ್ದೆವು" ಎಂದರು. ಕೆಂಪು ಮಣ್ಣನ್ನೇ ಕಾಣದ ಆ ಬಾಲಕನಿಗೆ ಅದೊಂದು ಬೆರಗು.

ಬಳಿಕ ಅವರು ತಮ್ಮ ತಾಯಿಯ ವಿಷಯ ಹೇಳಿದರು. ತೆಂಗಿನ ಸಿಪ್ಪೆಯನ್ನು ತಡಿಯ ಮರಳಿನಲ್ಲಿ ಗುಂಡಿ ತೋಡಿ ಹೂಳುವುದು, ತಿಂಗಳುಗಟ್ಟಲೆ ಕೊಳೆಯಿಸಿ ತೆಗೆದು ಬಡಿಯುವುದು, ನಾರನ್ನು ಅಂಗೈಯಲ್ಲಿ ಹೊಸೆದು ಹುರಿಮಾಡುವುದು, ಇದೆಲ್ಲ ಹೆಂಗಸರ ಕೆಲಸ. ಇಂಗ್ಲಿಷರ ಕಾಲದಲ್ಲಿ ಕತ್ತವನ್ನು ಸರಕಾರಕ್ಕಲ್ಲದೆ ಅನ್ಯರಿಗೆ ಮಾರುವಂತಿರಲಿಲ್ಲ. ಬೆಲೆಯನ್ನು ಕಟ್ಟುವುದು ಸರಕಾರ, ಅದಕ್ಕೆ ಪ್ರತಿಯಾಗಿ ಅಕ್ಕಿಯನ್ನು ಅಳೆಯುವುದೂ ಸರಕಾರವೇ. ಆಷಾಢದಲ್ಲಿ ಮನೆಯ ಅಕ್ಕಿ ತಗ್ಗಿದಾಗ ತಾಯಿಯು ತೆಂಗಿನ ಚಿಪ್ಪಿನಿಂದ ಅಳೆದು, ಅಳೆದುದರಿಂದ ಒಂದು ಹಿಡಿಯನ್ನು ಮತ್ತೆ ಮಡಕೆಗೆ ಹಾಕುತ್ತಿದ್ದಳಂತೆ.

ಹೇಳುತ್ತ ಹೇಳುತ್ತ ಅವರು ನನ್ನತ್ತ ತಿರುಗಿ, "ದಿನವೂ ಇಲ್ಲಿ ಕುಳಿತಿರುತ್ತೀರಿ, ಏನು ನೋಡುತ್ತೀರಿ?" ಎಂದು ಕೇಳಿದರು. "ಕಡಲನ್ನು" ಎಂದೆನು.

"ನಾವೂ ನೋಡುತ್ತಿದ್ದೆವು, ಮೂಡುಗಡೆಯ ತಡಿಯಲ್ಲಿ ನಿಂತು. ಆದರೆ ಕಡಲನ್ನಲ್ಲ, ಹಾಯಿ ಕಾಣಿಸುತ್ತದೆಯೋ ಎಂದು."

ನಮ್ಮ ಅಜ್ಜನವರ ಲೆಕ್ಕದ ಪುಸ್ತಕದಲ್ಲಿ ಇಷ್ಟು ಮುಡಿ ಎಂದು ಮುಗಿದುಹೋಗುತ್ತಿದ್ದ ಸಾಲು, ಈ ತಡಿಯಲ್ಲಿ ಇಷ್ಟು ಚಿಪ್ಪು, ಇಷ್ಟು ಹಿಡಿ ಎಂದು ಮುಂದುವರಿಯುತ್ತಿದ್ದಿತೆಂದು ಆ ಸಂಜೆ ನನಗೆ ಗೋಚರವಾಯಿತು. ವಿಶ್ರಾಂತಿಗೆಂದು ನಾನು ಬಾಡಿಗೆ ತೆತ್ತು ಪಡೆದ ಮರಳು ಆ ತಾಯಂದಿರಿಗೆ ದುಡಿಮೆಯ ಅಂಗಳವಾಗಿದ್ದಿತು, ಕಾದು ನಿಲ್ಲುವ ಹೊಸ್ತಿಲಾಗಿದ್ದಿತು.

ಈಗ ಕಾಯುವುದು ಅಷ್ಟು ಕಠಿನವಲ್ಲ. ಅಕ್ಕಿ ಹಡಗಿನಲ್ಲಿ ಬರುತ್ತದೆ. ಮಂಗಳೂರಿನ ಹಳೆಯ ಬಂದರದಿಂದ ಸರಕಿನ ಮಂಜಿಗಳು ಇನ್ನೂ ದ್ವೀಪಗಳಿಗೆ ಹೋಗುತ್ತಿವೆ. ಪ್ರವಾಸಿಗಳು ಹೆಚ್ಚು ಬಂದರೆ ತರುಣರಿಗೆ ಊರಲ್ಲೇ ಕೆಲಸ ದೊರಕುವುದೆಂದು ಮೇಲ್ವಿಚಾರಕರು ಆಸೆಪಡುತ್ತಾರೆ. ಅವರ ಮಗನು ಕೊಚ್ಚಿಯಲ್ಲಿ ಓದುತ್ತಿದ್ದಾನೆ. ಆ ಆಸೆಯನ್ನು ಅಲ್ಲಗಳೆಯಲು ನಾಲ್ಕು ದಿನ ಉಂಡುಹೋಗುವ ನನಗೆ ಅಧಿಕಾರವಿಲ್ಲ. ಆದರೆ ಎಷ್ಟು ಮಂದಿ, ಎಷ್ಟು ನೀರಿಗೆ, ಎಷ್ಟು ಕಟ್ಟಡ ಎಂಬುದನ್ನು ಕೊಚ್ಚಿಯಲ್ಲಿಯೋ ದಿಲ್ಲಿಯಲ್ಲಿಯೋ ಕುಳಿತವರು ನಿರ್ಣಯಿಸಿದರೆ, ಅಳೆಯುವ ಕೈ ಪುನಃ ಆಚೆ ದಡದ್ದೇ ಆದಂತಾಯಿತು. ಬಾವಿಯ ನೀರು ಉಪ್ಪಾಯಿತೆಂದು ಮೊದಲು ತಿಳಿಯುವುದು ಆ ದ್ವೀಪದ ತಾಯಂದಿರ ನಾಲಗೆಗೆ; ಆದುದರಿಂದ ಲೆಕ್ಕದ ಕಡ್ಡಿಯೂ ಅವರ ಕೈಯಲ್ಲಿರುವುದೇ ನ್ಯಾಯ.

ಅತಿಥಿಯನ್ನು ದೇವರೆಂದು ಕಾಣುವುದು ಮನೆಯವನ ಧರ್ಮವೆಂದು ನಮ್ಮ ಹಿರಿಯರು ಹೇಳಿದ್ದಾರೆ. ತಾನು ದೇವರಲ್ಲವೆಂದು ನೆನಪಿಡುವುದು ಅತಿಥಿಯ ಧರ್ಮ. ನಮ್ಮ ಜಿಲ್ಲೆಯ ವಾಚಕರಲ್ಲಿ ಯಾರಾದರೂ ಅತ್ತ ಹೋಗುವವರಿದ್ದರೆ, ಅಲ್ಲಿಯ ಮರಳನ್ನೂ ಮೀನನ್ನೂ ಕಣ್ತುಂಬ ನೋಡಲಿ. ಸ್ನಾನದ ಬಿಂದಿಗೆಯನ್ನು ಅರ್ಧಕ್ಕೇ ನಿಲ್ಲಿಸಲಿ. ಸಂಜೆ ಯಾರಾದರೂ ವೃದ್ಧರು ಎದುರಾದರೆ ಮಂಗಳೂರಿನ ಅಕ್ಕಿಯ ಮಾತೆತ್ತಲಿ. ನಮ್ಮ ಬಂದರದ ಚರಿತ್ರೆಯ ಅರ್ಧಭಾಗ ಇನ್ನೂ ಅವರ ಬಾಯಲ್ಲಿದೆ.