ಯಾರ ಕೈಯ ಕತೆ?

ಜಪಾನಿನ ಟಿ.ವಿ.ಯವರ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಋತು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹುಟ್ಟುತ್ತಿದ್ದಂತೆ ಹಿಂದಿನ ಸರಣಿಗಳು ಮುಗಿದು ಹೊಸ ಅನಿಮೆಗಳು, ಅಂದರೆ ಅಲ್ಲಿನ ಅನಿಮೇಷನ್ ಸರಣಿಗಳು, ಶುರುವಾಗುತ್ತವೆ. ಈಚಿನ ವರ್ಷಗಳಲ್ಲಿ ಒಂದು ಋತುವಿಗೆ ಐವತ್ತಕ್ಕೆ ಕಡಿಮೆ ಇಲ್ಲ. ಹೆಚ್ಚಿನವಕ್ಕೆ ಹನ್ನೆರಡೋ ಹದಿಮೂರೋ ಕಂತು, ವಾರಕ್ಕೊಂದರಂತೆ. ಒಂದು ಕಂತೆಂದರೆ ಸುಮಾರು ಇಪ್ಪತ್ನಾಲ್ಕು ನಿಮಿಷ. ಎಲ್ಲವನ್ನೂ ನೋಡುತ್ತೇನೆಂದು ಹೊರಟವರು ವಾರದಲ್ಲಿ ಇಪ್ಪತ್ತು ಗಂಟೆ ಬೇರೆಲ್ಲ ಬಿಟ್ಟು ಕೂರಬೇಕು. ಸಂಸಾರಸ್ಥರಿಗೆ ಆಗುವ ಮಾತಲ್ಲ. ನನಗೆ ವಾರಕ್ಕೆ ನಾಲ್ಕೈದು ಕಂತು ದಕ್ಕಿದರೆ ಹೆಚ್ಚು. ಹಾಗಾಗಿ ಆರಿಸಲೇಬೇಕು. ಈ ಆರಿಸುವ ಕೆಲಸ ನನಗೆ ನೋಡುವುದರಷ್ಟೇ ಇಷ್ಟ.

ಋತು ಬದಲಾಗುವ ಮುಂಚಿನ ವಾರಗಳಲ್ಲಿ ಪಟ್ಟಿಗಳು ಬರುತ್ತವೆ, ಪೋಸ್ಟರುಗಳು ಬರುತ್ತವೆ, ಒಂದೂವರೆ ನಿಮಿಷದ ಟ್ರೈಲರುಗಳು ಬರುತ್ತವೆ. ಕತೆಯ ಸಾರಾಂಶ ಓದುತ್ತ ಹೋದರೆ ಅರ್ಧದಷ್ಟು ಒಂದೇ ಥರ ಕಾಣಿಸುತ್ತವೆ: ಈ ಲೋಕದಲ್ಲಿ ಸತ್ತು ಇನ್ನೊಂದು ಲೋಕದಲ್ಲಿ ಹುಟ್ಟಿದವನು, ಯಾರಿಗೂ ಗೊತ್ತಿಲ್ಲದ ಶಕ್ತಿ ಇರುವ ಹುಡುಗ, ಹೈಸ್ಕೂಲಿನ ಕೊನೆಯ ಬೆಂಚಿನ ಪ್ರೇಮ. ಇದಕ್ಕೆ ಕಾರಣ ದುಡ್ಡು ಬರುವ ದಾರಿ. ಹೆಚ್ಚಿನ ಅನಿಮೆಗೆ ಬಂಡವಾಳ ಹಾಕುವುದು ಒಬ್ಬರಲ್ಲ. ಮೂಲ ಮಾಂಗಾ (ಜಪಾನಿನ ಚಿತ್ರಕತೆ ಪುಸ್ತಕ) ಅಥವಾ ಕಾದಂಬರಿಯ ಪ್ರಕಾಶಕರು, ಹಾಡಿನ ಕಂಪನಿ, ಟಿ.ವಿ. ವಾಹಿನಿ, ಆಟಿಕೆ ಮಾಡುವವರು ಸೇರಿ ‘ನಿರ್ಮಾಣ ಸಮಿತಿ’ ಕಟ್ಟಿಕೊಳ್ಳುತ್ತಾರೆ. ನಷ್ಟ ಬಂದರೆ ಹಂಚಿಹೋಗುತ್ತದೆ, ಪುಸ್ತಕ ನಾಲ್ಕು ಪ್ರತಿ ಹೆಚ್ಚು ಖರ್ಚಾದರೂ ಸಾಕು ಅನ್ನುವವರೂ ಇರುತ್ತಾರೆ. ಹಾಗಾಗಿ ಗೆದ್ದದ್ದನ್ನು ಹೋಲುವುದು ಒಂದರ ಮೇಲೊಂದು ಬರುತ್ತದೆ. ಚಿತ್ರ ಬಿಡಿಸಿದ ಸ್ಟುಡಿಯೋಗೆ ಎಷ್ಟೋ ಸಲ ಒಪ್ಪಿಕೊಂಡ ಮೊತ್ತವಷ್ಟೇ. ಸರಣಿ ಗೆದ್ದರೂ ಲಾಭದಲ್ಲಿ ಪಾಲಿಲ್ಲ. ಇದು ನ್ಯಾಯವಲ್ಲವೆಂದು ನನಗೆ ಯಾವಾಗಲೂ ಅನ್ನಿಸಿದೆ.

ಅಲ್ಲಿ ಬಹಳಷ್ಟು ಸರಣಿಗಳು ಪ್ರಸಾರವಾಗುವುದು ನಡುರಾತ್ರಿ ಕಳೆದ ಮೇಲೆ. ವೇಳಾಪಟ್ಟಿಯಲ್ಲಿ 25:30 ಎಂದು ಅಚ್ಚಾಗಿರುತ್ತದೆ. ರಾತ್ರಿ ಒಂದೂವರೆ ಎಂದು ಅರ್ಥ. ಮಲಗದೆ ಕೂತವರಿಗೆ ಇನ್ನೂ ನಾಳೆ ಆಗಿಲ್ಲ ಅನ್ನುವ ಲೆಕ್ಕ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅವರ ಇಪ್ಪತ್ತೈದೂವರೆ ನಮ್ಮ ರಾತ್ರಿ ಹತ್ತು: ಊಟವಾಗಿ, ಅಡುಗೆಮನೆ ದೀಪ ಆರಿಸಿ, ಮಲಗುವ ಮುಂಚೆ ಉಳಿಯುವ ಅರ್ಧ ಗಂಟೆ. ಎಷ್ಟೋ ಸರಣಿಗಳು ಅಲ್ಲಿ ಪ್ರಸಾರವಾದ ಹೊತ್ತಿಗೇ ಹೆಚ್ಚು ಕಡಿಮೆ ಇಲ್ಲೂ ಸಿಗುವ ಕಾಲವಿದು. ಟೋಕಿಯೋದಲ್ಲಿ ನಿದ್ದೆಗೆಟ್ಟು ನೋಡುವವರ ಜೊತೆಯಲ್ಲೇ ನಾವು ನಿದ್ದೆ ಕೆಡಿಸಿಕೊಳ್ಳದೆ ನೋಡುತ್ತೇವೆ.

ಎಲ್ಲವೂ ಎಲ್ಲಿಯೂ ಸಿಗುವಾಗ ಆಯ್ಕೆ ಹಗುರವಾಗಿ ಕಾಣುತ್ತದೆ. ಹಿಂದೆ ಹಾಗಿರಲಿಲ್ಲ. 1974ರ ಅಕ್ಟೋಬರಿನಲ್ಲಿ ಜಪಾನಿನ ಮನೆಗಳಲ್ಲಿ ಎದ್ದಿರಬಹುದಾದ ಜಗಳಗಳನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಭಾನುವಾರ ಸಂಜೆ ಏಳೂವರೆ. ಫ್ಯೂಜಿ ಟಿ.ವಿ.ಯಲ್ಲಿ ಆ ಜನವರಿಯಿಂದಲೇ ‘ಹೈಡಿ’ ಬರುತ್ತಿತ್ತು. ಆಲ್ಪ್ಸ್ ಬೆಟ್ಟದ ಮೇಲೆ ಅಜ್ಜನ ಗುಡಿಸಲು, ಆಡುಗಳು, ಒಲೆಯ ಉರಿಗೆ ಹಿಡಿದು ಕರಗಿಸಿದ ಚೀಸು. ನಿರ್ದೇಶಕ ಇಸಾವೋ ತಕಾಹತಾ. ಪ್ರತಿ ದೃಶ್ಯದಲ್ಲಿ ಯಾರು ಎಲ್ಲಿ, ಬೆಟ್ಟ ಎಲ್ಲಿ ಎಂಬ ವಿನ್ಯಾಸ ಬರೆದವರು ಹಯಾವೋ ಮಿಯಾಝಾಕಿ. ಮಕ್ಕಳ ಟಿ.ವಿ. ಸರಣಿಯೊಂದಕ್ಕಾಗಿ ಈ ತಂಡ ಸ್ವಿಟ್ಜರ್ಲೆಂಡಿಗೇ ಹೋಗಿ ಬೆಟ್ಟ, ಮನೆ, ಹುಲ್ಲುಗಾವಲು ನೋಡಿಕೊಂಡು ಬಂದಿತ್ತು. ಐವತ್ತೆರಡು ಕಂತು, ಇಡೀ ವರ್ಷ ಒಂದೇ ಕತೆ. ಅದು ಕೊನೆಯ ಭಾಗಕ್ಕೆ ಬಂದಿದ್ದಾಗ, ಸರಿಯಾಗಿ ಅದೇ ಹೊತ್ತಿಗೆ, ಇನ್ನೊಂದು ವಾಹಿನಿಯಲ್ಲಿ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾತೋ’ ಶುರುವಾಯಿತು. ವಿಕಿರಣದಿಂದ ಸಾಯುತ್ತಿರುವ ಭೂಮಿ, ಉಳಿದಿರುವುದು ಒಂದೇ ವರ್ಷ, ಎರಡನೇ ಮಹಾಯುದ್ಧದಲ್ಲಿ ಮುಳುಗಿದ ಯುದ್ಧನೌಕೆ ಅಂತರಿಕ್ಷಕ್ಕೆ ಏಳುತ್ತದೆ. ಮನೆಗೊಂದು ಟಿ.ವಿ., ರೆಕಾರ್ಡ್ ಮಾಡಿಟ್ಟುಕೊಳ್ಳುವ ಯಂತ್ರ ಹೆಚ್ಚಿನವರಲ್ಲಿಲ್ಲ. ಒಂದನ್ನು ನೋಡಿದವರಿಗೆ ಇನ್ನೊಂದು ತಪ್ಪಿದಂತೆಯೇ.

ಮನೆಗಳು ಹೈಡಿಯನ್ನು ಆರಿಸಿದವು. ಯಮಾತೋಗೆ ನೋಡುಗರು ಸಾಲದೆ, ಮೂವತ್ತೊಂಬತ್ತು ಕಂತಿಗೆ ಯೋಜಿಸಿದ್ದ ಕತೆಯನ್ನು ಇಪ್ಪತ್ತಾರಕ್ಕೆ ಕತ್ತರಿಸಿದರು. ಮರುಪ್ರಸಾರದಲ್ಲಿ ಅದು ಊರೂರಿಗೆ ಹಬ್ಬಿತು, 1977ರಲ್ಲಿ ಸಿನಿಮಾ ಆಗಿ ಬಂದಾಗ ಚಿತ್ರಮಂದಿರಗಳ ಮುಂದೆ ಯುವಕರು ಸಾಲುಗಟ್ಟಿದರು. ಇವತ್ತು ಅನಿಮೆಯ ಚರಿತ್ರೆ ಬರೆಯುವವರು ಎರಡರ ಹೆಸರನ್ನೂ ಬಿಡುವಂತಿಲ್ಲ. ಆದರೂ ಕತ್ತರಿಸಿದ ಆ ಹದಿಮೂರು ಕಂತುಗಳು ಮೊದಲು ಅಂದುಕೊಂಡ ರೂಪದಲ್ಲಿ ಯಾರಿಗೂ ಸಿಗಲಿಲ್ಲ. ಸಂಜೆಯ ಊಟದ ಹೊತ್ತಿಗೆ ಯಾವ ಗುಂಡಿ ಒತ್ತಿದರು ಎಂಬುದು ಒಂದು ಕತೆಯ ಉದ್ದವನ್ನೇ ತೀರ್ಮಾನಿಸಿತು. ಋತುವಿನ ಪಟ್ಟಿ ಹಿಡಿದು ಕೂತಾಗ ನನಗೆ ಇದು ನೆನಪಾಗುತ್ತದೆ. ನೋಡುವುದೂ ಒಂದು ಬೆಂಬಲವೇ.

ನನ್ನ ಪ್ರಾಯದ ಕನ್ನಡಿಗರಿಗೆ ಆರಿಸುವ ಪ್ರಶ್ನೆಯೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರದ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬಂತು, ಊರಿಗೆ ಊರೇ ನೋಡಿತು. ಗುಲ್ಜಾರ್ ಬರೆದ ಹಿಂದಿ ಹಾಡು ಹಿಂದಿ ಬಾರದವರ ಬಾಯಲ್ಲೂ ಇತ್ತು. ಅದು 1989ರಲ್ಲಿ ನಿಪ್ಪಾನ್ ಅನಿಮೇಷನ್ ಮಾಡಿದ ಸರಣಿ, ಆ ಸ್ಟುಡಿಯೋ ಶುರುವಾದಾಗ ಅಲ್ಲಿ ಸೇರಿದವರಲ್ಲಿ ಹೈಡಿ ತಂಡದ ಅನೇಕರಿದ್ದರು ಎಂಬುದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ. ಮೋಗ್ಲಿ ಜಪಾನಿನಿಂದ ಬಂದವನೆಂದು ಆಗ ಯಾರು ಯೋಚಿಸಿದ್ದರು?

ಈಗಿನವರ ನಡುವೆ ‘ಮೂರು ಕಂತು ನೋಡು, ಹಿಡಿಸದಿದ್ದರೆ ಬಿಡು’ ಎಂಬ ನಿಯಮ ಓಡಾಡುತ್ತದೆ. ಅದಕ್ಕೆ ಬಲ ಕೊಟ್ಟದ್ದು 2011ರ ಜನವರಿಯ ‘ಮಡೋಕಾ ಮ್ಯಾಜಿಕಾ’. ಮೊದಲೆರಡು ಕಂತು ನೋಡಿದರೆ ಗುಲಾಬಿ ಬಣ್ಣದ ಮಾಯಾಹುಡುಗಿಯರ ಇನ್ನೊಂದು ಕತೆ. ಮೂರನೆಯದರ ಕೊನೆಯಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಆ ಮಾರ್ಚ್ 11ರ ಭೂಕಂಪ, ಸುನಾಮಿಯಿಂದಾಗಿ ಅದರ ಕೊನೆಯ ಕಂತುಗಳು ಏಪ್ರಿಲ್ ತನಕ ತಡವಾದವು. ದೇಶವೇ ದುಃಖದಲ್ಲಿದ್ದಾಗ ಜನ ಆ ಕತೆಯ ಮುಕ್ತಾಯಕ್ಕೆ ಕಾದರು.

ನಿಯಮ ಆ ಸರಣಿಗೆ ಸರಿ, ಎಲ್ಲಕ್ಕೂ ಅಲ್ಲ. ‘ಮುಶಿಶಿ’ಯಂಥದ್ದಕ್ಕೆ ಮೂರು ಕಂತಿನ ಪರೀಕ್ಷೆ ಇಟ್ಟು ಏನು ಮಾಡುವುದು? ಅದರಲ್ಲಿ ಗಿಂಕೋ ಎಂಬ ಅಲೆಮಾರಿ ಕಂತಿಗೊಂದು ಊರಿಗೆ ಬರುತ್ತಾನೆ, ಕಣ್ಣಿಗೆ ಕಾಣದ ಜೀವಗಳಿಂದ ಬಂದ ತೊಂದರೆಯನ್ನು ನೋಡುತ್ತಾನೆ, ಕೆಲವೊಮ್ಮೆ ಗುಣವಾಗುತ್ತದೆ, ಕೆಲವೊಮ್ಮೆ ಇಲ್ಲ, ಹೊರಡುತ್ತಾನೆ. ಎಲ್ಲಿಗೂ ಏರದ ಕತೆ ಅದು. ಕಂತು ಕಂತಾಗಿ ಒಳಗೆ ಇಳಿಯಬೇಕು. ಇಂಥವು ನನಗೆ ತಿರುವುಗಳ ಕತೆಗಿಂತ ಮೇಲು.

ಹಾಗಾದರೆ ಯಾವುದನ್ನು ನೋಡಿ ಆರಿಸುವುದು? ಕರಾವಳಿಯಲ್ಲಿ ಬೆಳೆದವನಾಗಿ ನನಗೆ ಉತ್ತರ ಮೊದಲೇ ಸಿಕ್ಕಿತ್ತು. ಯಕ್ಷಗಾನದ ಮೇಳಗಳು ದೀಪಾವಳಿಯ ಆಸುಪಾಸಿನಿಂದ ಮಳೆಗಾಲದ ಮುಂಚಿನ ಪತ್ತನಾಜೆಯವರೆಗೆ ತಿರುಗಾಟದಲ್ಲಿರುತ್ತವೆ, ಒಂದೇ ರಾತ್ರಿ ಹತ್ತಿರ ಹತ್ತಿರದ ಊರುಗಳಲ್ಲಿ ಆಟ ಇರುತ್ತದೆ. ನಮ್ಮ ಹಿರಿಯರು ಯಾವ ಆಟಕ್ಕೆ ಹೋಗುವುದೆಂದು ಪ್ರಸಂಗ ನೋಡಿ ಹೊರಡುತ್ತಿರಲಿಲ್ಲ. ಕರ್ಣ ಸಾಯುತ್ತಾನೆಂದು ಯಾರಿಗೆ ಗೊತ್ತಿಲ್ಲ! ಭಾಗವತರು ಯಾರು, ಕರ್ಣ ಯಾರದು, ಶಲ್ಯ ಯಾರದು ಎಂದು ಕೇಳಿ ಟಾರ್ಚು ಹಿಡಿದು ಹೊರಡುತ್ತಿದ್ದರು. ಅನಿಮೆಯನ್ನೂ ನಾನು ಹಾಗೆಯೇ ಆರಿಸುತ್ತೇನೆ. ಸಾರಾಂಶ ಕೊನೆಗೆ ಓದುತ್ತೇನೆ. ಮೊದಲು ಹೆಸರುಗಳು: ನಿರ್ದೇಶಕರು ಯಾರು, ಚಿತ್ರಕತೆ ಯಾರದು, ಪಾತ್ರಗಳ ರೂಪ ಬರೆದವರು ಯಾರು, ಸಂಗೀತ ಯಾರದು. ಸ್ಟುಡಿಯೋದ ಹೆಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದೇ ಬೋರ್ಡಿನ ಕೆಳಗೆ ಹಲವು ತಂಡಗಳಿರುತ್ತವೆ, ಜನ ಬರುತ್ತಾರೆ, ಹೋಗುತ್ತಾರೆ. ಕೈ ಮಾತ್ರ ಮನುಷ್ಯನ ಜೊತೆ ಹೋಗುತ್ತದೆ.

2022ರ ಅಕ್ಟೋಬರಿನಲ್ಲಿ ‘ಬೊಚ್ಚಿ ದ ರಾಕ್’ ಬಂತು. ನಾಲ್ಕು ಚೌಕದ ನಗೆಚಿತ್ರಗಳಿಂದ ಹುಟ್ಟಿದ ಸರಣಿ. ಗಿಟಾರ್ ಅದ್ಭುತವಾಗಿ ನುಡಿಸುವ, ಆದರೆ ಜನರೆದುರು ನಿಲ್ಲಲಾಗದ ಹುಡುಗಿಯ ಕತೆ. ನಿರ್ದೇಶಕ ಕೇಯಿಚಿರೋ ಸೈತೋ. ಆ ಹುಡುಗಿಯ ದಿಗಿಲನ್ನು ತೋರಿಸಲು ಆತ ಚಿತ್ರಶೈಲಿಯನ್ನೇ ಕ್ಷಣಕ್ಷಣಕ್ಕೆ ಮುರಿಯುತ್ತಾನೆ, ಮಣ್ಣಿನ ಬೊಂಬೆ, ನಿಜವಾದ ಛಾಯಾಚಿತ್ರ, ಏನು ಬೇಕಾದರೂ ಆದೀತು. ಆದರೆ ಆಕೆ ಗಿಟಾರ್ ಹಿಡಿದಾಗ ಬೆರಳುಗಳ ಒಂದು ಚಲನೆಯನ್ನೂ ಅಲಕ್ಷಿಸುವುದಿಲ್ಲ. ಒಂದೇ ವರ್ಷದ ನಂತರ ಅದೇ ಸೈತೋ ನಿರ್ದೇಶಿಸಿದ ‘ಫ್ರೀರೆನ್’ ಬಂತು. ಸಾವಿರ ವರ್ಷ ಮೀರಿ ಬದುಕಿದ ಮಾಂತ್ರಿಕೆ, ಹತ್ತು ವರ್ಷ ಜೊತೆಗೆ ನಡೆದ ಗೆಳೆಯ ಮುದುಕನಾಗಿ ಸತ್ತ ಮೇಲೆ ಅವನನ್ನು ತಾನು ಅರಿಯಲೇ ಇಲ್ಲವೆಂದು ಅಳುವ ಕತೆ. ನಗೆಯ ಹುಡುಗಿಗೂ ಈ ನಿಧಾನದ ದುಃಖಕ್ಕೂ ಮೇಲ್ನೋಟಕ್ಕೆ ಏನೂ ಸಂಬಂಧವಿಲ್ಲ. ಆದರೆ ಮಾತನಾಡಲು ಬಾರದ ಮನಸ್ಸನ್ನು ಕೈಬೆರಳಿನಲ್ಲಿ, ನಿಲುವಿನಲ್ಲಿ ತೋರಿಸುವ ಗುಣ ಎರಡರಲ್ಲೂ ಒಂದೇ. 2023ರ ಸೆಪ್ಟೆಂಬರ್ 29ರಂದು ನಿಪ್ಪಾನ್ ಟಿ.ವಿ. ಅದರ ಮೊದಲ ನಾಲ್ಕು ಕಂತುಗಳನ್ನು, ಸಾಮಾನ್ಯವಾಗಿ ಸಿನಿಮಾ ತೋರಿಸುವ ಶುಕ್ರವಾರದ ಹೊತ್ತಿನಲ್ಲಿ, ಒಟ್ಟಿಗೆ ತೋರಿಸಿತು. ಆ ಋತುವಿನಲ್ಲಿ ನನಗೆ ಬೇರೆ ಪಟ್ಟಿಯೇ ಬೇಕಾಗಲಿಲ್ಲ.

ನಾವೋಕೋ ಯಮಾಡಾ ನನಗೆ ಇನ್ನೂ ಹತ್ತಿರ. ಪಾತ್ರದ ಮುಖ ಬಿಟ್ಟು ಕಾಲುಗಳನ್ನು ತೋರಿಸುವುದು ಅವರ ರೀತಿ. ಮುಖ ಸುಳ್ಳು ಹೇಳಬಹುದು, ತಡವರಿಸುವ ಪಾದ ಹೇಳುವುದಿಲ್ಲ. ಕ್ಯೋಟೋ ಅನಿಮೇಷನ್‌ನಲ್ಲಿದ್ದಾಗ ‘ಕೆ-ಆನ್’ ಮಾಡಿದ ಅವರು ಮುಂದೆ ‘ಹೈಕೆ’ ಕತೆಯನ್ನು ಹನ್ನೊಂದು ಕಂತಿನಲ್ಲಿ ತಂದರು. ಹೈಕೆ ಕುಲ ಅಳಿದುಹೋಗುತ್ತದೆಂಬುದು ಜಪಾನಿನ ಶಾಲಾಮಕ್ಕಳಿಗೂ ಗೊತ್ತು, ಶತಮಾನಗಳಿಂದ ಕುರುಡು ಗಾಯಕರು ಬೀವಾ ಎಂಬ ತಂತಿವಾದ್ಯ ನುಡಿಸುತ್ತ ಹಾಡಿದ ಕತೆ. ಯಮಾಡಾ ಅದಕ್ಕೆ ಬೀವಾ ಎಂಬ ಪುಟ್ಟ ಹುಡುಗಿಯನ್ನು ಸೇರಿಸಿದರು: ಮುಂದಾಗುವುದು ಅವಳಿಗೆ ಕಾಣುತ್ತದೆ, ತಡೆಯಲಾರಳು. ಅಂತ್ಯ ತಿಳಿದೂ ಕತೆ ಕೇಳುವ ನಮ್ಮ ಜಾಗದಲ್ಲೇ ಆ ಮಗು ಕೂತಿದೆ.

ಹೆಸರುಗಳನ್ನು ಓದುವ ಅಭ್ಯಾಸವಾದ ಮೇಲೆ ಕಂತಿನ ಕೊನೆಯಲ್ಲಿ ಹೆಸರುಗಳು ಓಡುವ ಹಾಡನ್ನು ದಾಟಿಸಿ ಮುಂದೆ ಹೋಗುವುದು ನನ್ನಿಂದಾಗದು. 2019ರ ಜುಲೈ 18ರಂದು ಕ್ಯೋಟೋ ಅನಿಮೇಷನ್ ಸ್ಟುಡಿಯೋಗೆ ಒಬ್ಬ ಬೆಂಕಿ ಹಚ್ಚಿದ. ಮೂವತ್ತಾರು ಜನ ತೀರಿಕೊಂಡರು. ‘ಹ್ಯೋಕಾ’ ನಿರ್ದೇಶಿಸಿದ ಯಸುಹಿರೋ ತಕೆಮೋತೋ, ಅದರ ಪಾತ್ರಗಳಿಗೆ ರೂಪ ಕೊಟ್ಟ ಫುತೋಶಿ ನಿಶಿಯಾ ಇಬ್ಬರೂ ಅವರಲ್ಲಿದ್ದರು. ‘ಹ್ಯೋಕಾ’ದಲ್ಲಿ ಕೊಲೆಯಿಲ್ಲ, ರಕ್ತವಿಲ್ಲ, ಶಾಲೆಯ ಮಕ್ಕಳು ಬೀಗ ಹಾಕಿದ ಕೋಣೆ, ಹಳೆಯ ವಾರ್ಷಿಕ ಸಂಚಿಕೆ ಇಂಥ ಸಣ್ಣ ಒಗಟುಗಳನ್ನು ಬಿಡಿಸುತ್ತಾರೆ. ‘ನನಗೆ ಕುತೂಹಲ’ ಎಂದು ಅವರಲ್ಲೊಬ್ಬ ಹುಡುಗಿ ಹತ್ತಿರ ಬರುವಾಗ ಅವಳ ಕಣ್ಣಿಗಿಟ್ಟ ಬೆಳಕನ್ನು ಯಾರೋ ಗಂಟೆಗಟ್ಟಲೆ ಕೂತು ಬರೆದಿದ್ದರು. ಆ ಯಾರೋ ಯಾರೆಂದು ತಿಳಿದಿರುವುದು ನೋಡುವವರ ಕರ್ತವ್ಯವೆಂದು ನಾನು ನಂಬುತ್ತೇನೆ.

ಇಷ್ಟಾದರೂ ಪ್ರತಿ ಋತುವಿನಲ್ಲಿ ಒಂದು ಜಾಗ ಪರಿಚಯವಿಲ್ಲದ ಕೈಗೆ ಮೀಸಲು. ಇಲ್ಲದಿದ್ದರೆ ಹೊಸಬರು ಹಳಬರಾಗುವುದು ಹೇಗೆ? 2021ರ ಏಪ್ರಿಲ್‌ನಲ್ಲಿ ‘ಆಡ್ ಟ್ಯಾಕ್ಸಿ’ ಹಾಗೆ ಬಂತು. ಯಾವ ಮಾಂಗಾವನ್ನೂ ಆಧರಿಸದ ಕತೆ, ಪ್ರಾಣಿಮುಖದ ಪಾತ್ರಗಳು, ನಾಯಕ ಟೋಕಿಯೋದ ಒಬ್ಬ ಒರಟು ಟ್ಯಾಕ್ಸಿ ಚಾಲಕ, ವಾಲ್ರಸ್. ಪೋಸ್ಟರ್ ನೋಡಿದರೆ ಮಕ್ಕಳದ್ದೆನ್ನಬೇಕು. ಸವಾರಿ ಹತ್ತಿದವರ ಹರಟೆಯೇ ಕಂತು ಕಂತಾಗಿ ಹೆಣೆದುಕೊಂಡು ಕಾಣೆಯಾದ ಹುಡುಗಿಯೊಬ್ಬಳ ಪ್ರಕರಣವಾಗುತ್ತದೆ. ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲೇ ಹಬ್ಬಿದ ಸರಣಿ ಅದು.

ಮನೆಯಲ್ಲಿ ನನ್ನ ಆಯ್ಕೆಗೆ ಇನ್ನೊಂದು ಷರತ್ತಿದೆ: ಭಾಷೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಚಿತ್ರ ಹಿಂದಿ, ತಮಿಳು, ತೆಲುಗಿನಲ್ಲಿ ಇಲ್ಲಿ ತೆರೆಕಂಡಿತು, ಕನ್ನಡದಲ್ಲಿ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲಾಗದು. ಪಕ್ಕದಲ್ಲಿ ಕೂತು ನಾನು ಕನ್ನಡದಲ್ಲಿ ಹೇಳುತ್ತ ಹೋಗುತ್ತೇನೆ, ಹಾಗಾಗಿ ಮಾತು ಸಿಡಿಯುವ ಸರಣಿಗಳು ಆಗುವುದಿಲ್ಲ. ‘ನತ್ಸುಮೆ’ ಆಗುತ್ತದೆ. ಅಜ್ಜಿ ಕಟ್ಟಿಹಾಕಿದ ಭೂತಗಳ ಹೆಸರನ್ನು ಮೊಮ್ಮಗ ಒಂದೊಂದಾಗಿ ಹಿಂತಿರುಗಿಸುವ ಕತೆ. ಕುಮಾಮೋತೋದ ಹಿತೊಯೋಶಿಯ ಗದ್ದೆ, ಹೊಳೆ, ಗುಡಿಗಳು. ಅಮ್ಮನಿಗೆ ಅಲ್ಲಿ ಏನನ್ನೂ ವಿವರಿಸಬೇಕಾಗಲಿಲ್ಲ.

ಅಕ್ಕನ ಮಗಳ ಲೆಕ್ಕವೇ ಬೇರೆ. 2025ರ ಜನವರಿಯ ಪಟ್ಟಿಯಿಂದ ಅವಳು ‘ಮೆಡಲಿಸ್ಟ್’ ಆರಿಸಿದಳು. ಹನ್ನೊಂದರ ಪ್ರಾಯದಲ್ಲಿ, ತಡವಾಗಿ ಸ್ಕೇಟಿಂಗ್ ಶುರುಮಾಡುವ ಹುಡುಗಿ, ಅವಳಿಗಿಂತಲೂ ತಡವಾಗಿ ಶುರುಮಾಡಿ ಮೇಲೇರಲಾಗದ ತರಬೇತುದಾರ. ಯಾಕೆ ಇದೇ ಎಂದು ಕೇಳಿದೆ.

“ಮಾವ, ಇದರ ಹಾಡು ಕೆನ್ಶಿ ಯೊನೆಜುದು. ಅವರೇ ಈ ಮಾಂಗಾ ಓದಿ, ನಾನು ಹಾಡ್ತೀನಿ ಅಂತ ಕೇಳಿಕೊಂಡಿದ್ರಂತೆ. ಅಷ್ಟು ದೊಡ್ಡವರು ತಾವಾಗಿ ಕೇಳಿದ್ದಾರೆ ಅಂದ್ರೆ ಸುಮ್ನೆ ಅಲ್ಲ.”

“ಮತ್ತೆ ಸ್ಕೇಟಿಂಗ್ ಕುಣಿತ ಯಾರು ಕಟ್ಟಿದ್ದು?”

“ಅಕಿಕೋ ಸುಝುಕಿ. ಎರಡು ಒಲಿಂಪಿಕ್ಸ್‌ಗೆ ಹೋಗಿದ್ದವರು. ಅದನ್ನ ನಾನು ಮೊದಲೇ ನೋಡ್ಕೊಂಡೆ.”

ಇಷ್ಟು ವಿಚಾರಿಸಿಕೊಂಡು ಬಂದವಳೆದುರು ನನ್ನ ಪಟ್ಟಿಯನ್ನು ಮಡಿಸಿಟ್ಟೆ. ಈಗ ಋತು ಬದಲಾಗುವಾಗ ಮೊದಲ ಹೆಸರು ಬರೆಯುವುದು ಅವಳೇ. ಎರಡನೆಯದು ನನ್ನದು, ಮೂರನೆಯದು ಅಮ್ಮನಿಗೆ ಹೇಳಲು ಆಗುವಂಥದ್ದು. ನಾಲ್ಕನೆಯದರ ಬಗ್ಗೆ ಮಾತ್ರ ಅವಳಿಗೂ ನನಗೂ ಇನ್ನೂ ಜಗಳ ಮುಗಿದಿಲ್ಲ.