ಅಜ್ಜನ ಗ್ಲಾಸು, ನಮ್ಮ ಮಿಷನ್ನು

ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುವಾಗ ನಾವು ನಾಲ್ವರೂ ಮೊದಲು ಬರೆದುಕೊಂಡಿದ್ದು ಲೈನ್ ಫಾಲೋವರ್ ರೋಬೋಟ್. ಅದನ್ನು ಕ್ಲಾಸಿನಲ್ಲಿ ಆಗಲೇ ಮೂರು ತಂಡದವರು ಹಿಡಿದುಕೊಂಡು ಬಿಟ್ಟಿದ್ದರು. ಆಗ ನಮ್ಮಲ್ಲೊಬ್ಬ, ಮೂಡಿಗೆರೆ ಕಡೆಯವನು, "ನಮ್ಮನೆಗೆ ಒಂದು ವೆದರ್ ಸ್ಟೇಷನ್ ಮಾಡೋಣ್ವಾ?" ಅಂದ.

ಅವರದ್ದು ಸಣ್ಣ ಕಾಫಿ ತೋಟ. ಕಣದ ಅಂಚಿನಲ್ಲಿ ಒಂದು ಹಳೇ ಮಳೆಮಾಪಕ ಇದೆ. ಅವನ ಅಜ್ಜ ದಿನಾ ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆ ಗ್ಲಾಸಿಗೆ ಸುರಿದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ. ಹಿಂದಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಆದರೂ ಹೋಗೋದು ಬಿಟ್ಟಿರಲಿಲ್ಲ. ಅಜ್ಜ ಒಳಗೇ ಕೂತು ಮಳೆ ಲೆಕ್ಕ ನೋಡೋ ಹಾಗಾದ್ರೆ ಸಾಕು ಅನ್ನೋದು ಗೆಳೆಯನ ಆಸೆ.

ಪೇಪರ್ ಮೇಲೆ ಇದು ಸುಲಭ. ಹೊರಗೆ ಒಂದು ಇಎಸ್‌ಪಿ32, ಉಷ್ಣಾಂಶ, ತೇವಾಂಶ, ಒತ್ತಡಕ್ಕೆ ಬಿಎಂಇ280 ಸೆನ್ಸರ್, ಒಂದು ಮಳೆಮಾಪಕ, 18650 ಸೆಲ್, ಪುಟ್ಟ ಸೋಲಾರ್ ಪ್ಯಾನೆಲ್. ಒಳಗೆ ಎರಡು ಡಿಸ್‌ಪ್ಲೇ: ಒಂದು ಹಾಲ್‌ನಲ್ಲಿ ಅಜ್ಜನ ಕುರ್ಚಿಯ ಎದುರು, ಇನ್ನೊಂದು ಅಡುಗೆಮನೆಯಲ್ಲಿ.

ಮಾಡೋಕೆ ಕೂತ ಮೇಲೆ ಒಂದೊಂದೇ ಶುರುವಾಯ್ತು. ಬಿಎಂಇ280 ಅಂತ ದುಡ್ಡು ಕೊಟ್ಟು ತಂದ ಸೆನ್ಸರ್ ತೇವಾಂಶ ತೋರಿಸಲೇ ಇಲ್ಲ. ಎರಡು ರಾತ್ರಿ ಕೋಡ್ ಬೈದುಕೊಂಡ ಮೇಲೆ ಚಿಪ್ ಐಡಿ ಓದಿ ನೋಡಿದ್ರೆ, ಅದು ತೇವಾಂಶ ಅಳೆಯುವ ಭಾಗವೇ ಇಲ್ಲದ ಬಿಎಂಪಿ280! ಇನ್ನೊಂದು ತರಿಸಿದ್ವಿ. ಡೀಪ್ ಸ್ಲೀಪ್ ಹಾಕಿದ್ರೂ ಬ್ಯಾಟರಿ ಬೇಗ ಬೇಗ ಖಾಲಿ ಆಗ್ತಿತ್ತು. ಚಿಪ್ ನಿದ್ದೆ ಮಾಡಿದ್ರೂ ಬೋರ್ಡ್ ಮೇಲಿನ ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಎಚ್ಚರವಾಗೇ ಕರೆಂಟ್ ಕುಡಿತಾ ಇದ್ವು. ಬಿಸಿಲಿನಲ್ಲಿ ಡಬ್ಬಿಯೊಳಗಿನ ಉಷ್ಣಾಂಶ ಹೊರಗಿನದಕ್ಕಿಂತ ತುಂಬಾ ಜಾಸ್ತಿ ತೋರಿಸ್ತಿತ್ತು. ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಕವುಚಿ, ನಡುವೆ ಗಾಳಿ ಆಡೋಕೆ ಜಾಗ ಬಿಟ್ಟು ಒಂದರ ಮೇಲೊಂದು ಜೋಡಿಸಿ, ಅದರೊಳಗೆ ಸೆನ್ಸರ್ ತೂಗುಹಾಕಿದ ಮೇಲೆ ಸರಿಹೋಯ್ತು. ಹಾಸ್ಟೆಲ್ ಕಾರಿಡಾರ್‌ನಲ್ಲಿ ಚೆನ್ನಾಗಿ ಬರುತ್ತಿದ್ದ 2.4 ಗಿಗಾಹರ್ಟ್ಸ್ ಸಿಗ್ನಲ್, ತೋಟದ ಒದ್ದೆ ಎಲೆ ಮತ್ತು ಆ ಮನೆಯ ದಪ್ಪ ಗೋಡೆ ದಾಟಲಿಲ್ಲ. ಕೊನೆಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865ರಿಂದ 867 ಮೆಗಾಹರ್ಟ್ಸ್ ನಡುವಿನ ಲೋರಾಗೆ ಬದಲಾಯಿಸಿದ್ವಿ.

ಜನವರಿಯಲ್ಲಿ ಕೊಂಡೊಯ್ದು ಕೂರಿಸಿದಾಗ ಅಜ್ಜ ಕನ್ನಡಕ ಏರಿಸಿ ನೋಡಿದರು. "ಇದೆಂತ, ಇರುವೆ ಸಾಲಿನ ಹಾಗೆ ಕಾಣ್ತದಲ್ಲ" ಅಂದ್ರು. ನಾವು ಹಾಕಿದ್ದು 0.96 ಇಂಚಿನ ಓಎಲ್‌ಇಡಿ. ಅದನ್ನು ಅಡುಗೆಮನೆಗೆ ಬಿಟ್ಟು, ಹಾಲ್‌ಗೆ 4.2 ಇಂಚಿನ ಇ-ಪೇಪರ್ ತಂದೆವು. ಲೈಬ್ರರಿಯ ಫಾಂಟ್‌ಗೆ ಕನ್ನಡದ ಒತ್ತಕ್ಷರ ಕೂಡಿಸೋಕೆ ಬರಲ್ಲ. ಅದಕ್ಕೆ 'ಮಳೆ', 'ಸೆಂಟ್ಸ್', 'ನಿನ್ನೆ' ಈ ಪದಗಳನ್ನೆಲ್ಲ ಚಿತ್ರ ಮಾಡಿ ಒಳಗೆ ಹಾಕಿದ್ವಿ.

ಅಜ್ಜನ ಎರಡನೇ ತಕರಾರು ಮಿಲಿಮೀಟರ್ ಬಗ್ಗೆ. ಕಾಫಿ ತೋಟದವರ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಅಂದ್ರೆ ಒಂದು ಇಂಚು. ಕೂತು ಲೆಕ್ಕ ಹಾಕಿದ್ರೆ ಖುಷಿಯಾಯ್ತು. ನಮ್ಮ ಆಲಿಕೆಯ ವ್ಯಾಸ 16 ಸೆಂಟಿಮೀಟರ್. ಅದರ ಮೇಲೆ ಒಂದು ಸೆಂಟ್ ಮಳೆ ಬಿದ್ದರೆ 5.1 ಮಿಲಿಲೀಟರ್ ನೀರು. ನಮ್ಮ ತೊಟ್ಟಿ ಸೀಸಾ ಆಟದ ಹಾಗೆ ವಾಲುತ್ತಿದ್ದದ್ದು 5 ಮಿಲಿಲೀಟರ್‌ಗೆ. ಸ್ಕ್ರೂ ಸ್ವಲ್ಪ ತಿರುಗಿಸಿದ್ರೆ ಮುಗೀತು: ಒಂದು ಸಲ ವಾಲಿದರೆ ಒಂದು ಸೆಂಟ್. ವಾಲಿದಾಗ ಅದಕ್ಕಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ ಎದುರು ಹಾದುಹೋಗಿ ಒಂದು ಎಣಿಕೆ ಕೊಡುತ್ತೆ. 510 ಮಿಲಿಲೀಟರ್ ನೀರನ್ನು ನಿಧಾನವಾಗಿ ಸುರಿದಾಗ ಸರಿಯಾಗಿ 100 ಬಂತು. ವೈವಾದಲ್ಲೂ ಒಳ್ಳೇ ಮಾರ್ಕ್ಸ್ ಬಂತು.

ಆಮೇಲೆ ಮಾರ್ಚ್ ಬಂತು. ರೊಬಸ್ಟಾ ಗಿಡದ ಮೊಗ್ಗು ಅರಳೋಕೆ ಬೇಕಾದ ಹೂಮಳೆಯ ಸಮಯ. ಸುಮಾರು ಒಂದು ಇಂಚು ಬಿದ್ದರೆ ನೆಮ್ಮದಿ. ಅರ್ಧಂಬರ್ಧ ಬಿದ್ದರೆ ಮೊಗ್ಗು ಸರಿಯಾಗಿ ಅರಳಲ್ಲ, ತಡಮಾಡದೆ ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಬೇಕು. ಅಲ್ಲಿ ತಪ್ಪಿದ್ರೆ ವರ್ಷದ ಫಸಲಿಗೇ ಏಟು.

ಒಂದು ಸಂಜೆ ಗುಡುಗು, ಗಾಳಿ, ಮಳೆ. ಗೆಳೆಯನ ಅಪ್ಪ ಕೆಲಸದ ಮೇಲೆ ಚಿಕ್ಕಮಗಳೂರಿನಲ್ಲಿದ್ದರು. ಫೋನ್ ಮಾಡಿದಾಗ ಅಮ್ಮ ಡಿಸ್‌ಪ್ಲೇ ನೋಡಿ, "ಒಂದು ಇಂಚು ಹನ್ನೆರಡು ಸೆಂಟ್ಸ್ ಆಗಿದೆ ಕಣ್ರೀ" ಅಂದರು. ಅಪ್ಪ ಮಾರನೇ ದಿನಕ್ಕೆ ಹೇಳಿದ್ದ ಬಾಡಿಗೆ ಪಂಪ್‌ಸೆಟ್ ಬೇಡ ಅಂದುಬಿಟ್ಟರು. ಅಮ್ಮ ಕಳಿಸಿದ ಡಿಸ್‌ಪ್ಲೇ ಫೋಟೋವನ್ನು ನಾವು ನಾಲ್ವರೂ ಸ್ಟೇಟಸ್‌ಗೆ ಹಾಕಿಕೊಂಡು ಮೆರೆದೆವು.

ಬೆಳಿಗ್ಗೆ ಅಜ್ಜ ಕೋಲು ಹಿಡಿದು ಕಣಕ್ಕೆ ಹೋಗಿ ಗ್ಲಾಸಿಗೆ ಸುರಿದರು. 58 ಸೆಂಟ್ಸ್. ಇನ್ನೊಮ್ಮೆ ಅಳೆದರು. 58. ಮಗನಿಗೆ ಫೋನ್ ಮಾಡಿ, "ಮಿಷನ್ ಏನಾದ್ರೂ ಹೇಳ್ಲಿ, ನೀನು ಪಂಪ್ ತರಿಸು" ಅಂದರು. ಪುಣ್ಯಕ್ಕೆ ಪಂಪ್ ಬೇರೆ ತೋಟಕ್ಕೆ ಹೋಗಿರಲಿಲ್ಲ.

ಸುದ್ದಿ ಕೇಳಿ ನಮಗೆ ಊಟ ಸೇರಲಿಲ್ಲ. ಸ್ಟೇಟಸ್ ಡಿಲೀಟ್ ಮಾಡಿದ್ವಿ. ಆದರೂ ಒಳಗೊಳಗೆ 'ಅಜ್ಜನ ಮಾಪಕವೇ ಹಳೇದು, ಸೋರುತ್ತೇನೋ' ಅಂತ ಅನುಮಾನ. ಆ ಶನಿವಾರ ಹೋಗಿ ಮೊದಲು ಪರೀಕ್ಷೆ ಮಾಡಿದ್ದು, ನಾಚಿಕೆಯ ವಿಷಯ, ಅವರದ್ದನ್ನೇ. ಒಂದು ಹನಿ ಸೋರಲಿಲ್ಲ.

ನಮ್ಮ ಲಾಗ್ ತೆಗೆದು ನೋಡಿದೆವು. ಒಂದು ನಿಮಿಷದಲ್ಲಿ 21 ಎಣಿಕೆ, ಮುಂದಿನದರಲ್ಲಿ ಸೊನ್ನೆ, ಆಮೇಲೆ 17. ನಿಮಿಷಕ್ಕೆ 21 ಸೆಂಟ್ಸ್ ಅಂದ್ರೆ ಗಂಟೆಗೆ 12 ಇಂಚಿಗೂ ಮೇಲೆ! ಎಣಿಕೆ ಶುರುವಾಗಿದ್ದು 7.10ಕ್ಕೆ. ಪಕ್ಕದಲ್ಲಿ ನಿಂತಿದ್ದ ಅಮ್ಮ, "ಏಳೂವರೆವರೆಗೆ ಬರೀ ಗಾಳಿ ಕಣ್ರೋ, ನಾನು ಬಟ್ಟೆ ತೆಗೀತಿದ್ದೆ" ಅಂದರು. ಅಷ್ಟೇ. ನಾವು ಮಾಪಕವನ್ನು ಎತ್ತರದ ತೆಳು ಪೈಪಿನ ಮೇಲೆ ಕೂರಿಸಿದ್ವಿ. ಗಾಳಿಗೆ ಪೈಪು ಅಲ್ಲಾಡಿ, ತೊಟ್ಟಿ ನಡುಗಿ, ಅಯಸ್ಕಾಂತ ಸ್ವಿಚ್ಚಿನ ಎದುರು ಹೋಗಿ ಬಂದು ಮಾಡಿತ್ತು. ನಮ್ಮ ಮಿಷನ್ ಗಾಳಿಯನ್ನು ಮಳೆ ಅಂತ ಎಣಿಸಿತ್ತು. ಲ್ಯಾಬಿನಲ್ಲಿ ನಾವು ನೀರು ಸುರಿದಿದ್ವಿ, ಗಾಳಿ ಬೀಸಿರಲಿಲ್ಲ.

ಪೈಪ್ ಕಿತ್ತು, ಗಿಡ್ಡ ಸಿಮೆಂಟ್ ಕಟ್ಟೆ ಮೇಲೆ ಬೋಲ್ಟ್ ಹಾಕಿದೆವು. ತೊಟ್ಟಿಯ ಎರಡೂ ಬದಿಗೆ ಒಂದೊಂದು ಸ್ವಿಚ್ ಇಟ್ಟು, ಎಡದ್ದು ಆದಮೇಲೆ ಬಲದ್ದು ಆದರೆ ಮಾತ್ರ ಎಣಿಸುವಂತೆ ಕೋಡ್ ತಿದ್ದಿದೆವು. ಇ-ಪೇಪರ್ ಮೇಲಿನ ಅಂಕಿ ಕರೆಂಟ್ ಹೋದರೂ ಅಳಿಯಲ್ಲ, ಹಳೇದನ್ನೇ ಹೊಸದು ಅಂದುಕೊಳ್ಳೋ ಅಪಾಯ ಇದೆ. ಅದಕ್ಕೆ ಕೆಳಗೆ ಓದಿದ ಸಮಯವನ್ನೂ ಹಾಕಿದ್ವಿ.

ಹೊರಡುವಾಗ ಅಜ್ಜನ ಹತ್ತಿರ ಹೋಗಿ "ತಪ್ಪು ನಮ್ದೇ ಅಜ್ಜ" ಅಂದ್ವಿ. ಅವರು ಬೈಯಲಿಲ್ಲ. ನೋಟ್‌ಬುಕ್ ತೆಗೆದು ಸ್ಕೇಲ್ ಇಟ್ಟು ಹೊಸದೊಂದು ಗೆರೆ ಎಳೆದರು. ಒಂದು ಕಡೆ 'ಗ್ಲಾಸು', ಇನ್ನೊಂದು ಕಡೆ 'ಮಿಷನ್'. "ಒಂದು ಮಳೆಗಾಲ ಎರಡೂ ಬರೀತೇನೆ. ಆಮೇಲೆ ನೋಡುವ" ಅಂದರು.

ವಾರ ಕಳೆದ ಮೇಲೆ ಗೆಳೆಯನ ಮೊಬೈಲಿಗೆ ಫೋಟೋ ಬಂತು, ತೋಟವೆಲ್ಲ ಬೆಳ್ಳಗೆ. ಈ ಸಲ ಯಾರೂ ಸ್ಟೇಟಸ್ ಹಾಕಲಿಲ್ಲ. ಈಗ ರಾತ್ರಿ ಮಳೆ ಬಂದರೆ ಅಜ್ಜ ಟಾರ್ಚ್ ಹಿಡಿದು ಹೊರಡಲ್ಲ, ಹಾಲ್‌ನಲ್ಲೇ ನೋಡಿ ಮಲಗ್ತಾರೆ. ಬೆಳಿಗ್ಗೆ ಮಾತ್ರ ಗ್ಲಾಸು ಹಿಡಿದು ಹೋಗೋದು ನಿಂತಿಲ್ಲ. ನಾವೂ ಬೇಡ ಅನ್ನಲ್ಲ. ಮೆಟ್ಟಿಲಿಗೆ ಪೈಪಿನ ಕಟಕಟೆ ಹಾಕಿ ಬಂದಿದ್ದೇವೆ, ಹಳೇ ಮಾಪಕದ ಪೈಪು ಅಲ್ಲೇ ಬಿದ್ದಿತ್ತಲ್ಲ.